ಅಪರಿಚಿತ ಕಲಾವಿದರು

ನಮ್ಮ ಮನೆಯ ಕಂಪ್ಯೂಟರಿನಲ್ಲಿರುವ ಹಾಡುಗಳಲ್ಲಿ ಒಂದು ಪಾಲು ಅಂಗಡಿಯಿಂದ ಬಂದದ್ದು. ಬೇಗಂ ಅಖ್ತರ್, ಮೆಹದಿ ಹಸನ್, ಸಾಬ್ರಿ ಸೋದರರ ಕವ್ವಾಲಿ, ಸಿ. ಅಶ್ವಥ್ ಹಾಡಿದ ಶಿಶುನಾಳ ಶರೀಫರ ಪದಗಳು. ಇನ್ನೊಂದು ಪಾಲು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದು ಅಬ್ಬಾ ತಮ್ಮ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟದ್ದು. 1989ರಲ್ಲಿ ಬಿಜಾಪುರದ ಒಂದು ಮದುವೆಮನೆಯಲ್ಲಿ ಮೆಹಂದಿಯ ರಾತ್ರಿ ಹೆಂಗಸರು ಢೋಲಕ್ ಬಾರಿಸುತ್ತ ಹಾಡಿದ ಗೀತೆಗಳು. ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹಳ್ಳಿಯ ತಂಡದವರು ಕನ್ನಡದಲ್ಲಿ ಹಾಡಿದ ರಿವಾಯತ್ ಪದಗಳು (ಆ ತಂಡದಲ್ಲಿ ಮುಸಲ್ಮಾನರಿಗಿಂತ ಉಳಿದವರೇ ಹೆಚ್ಚು). ಉರ್ದು ಶಾಲೆಯ ಮಕ್ಕಳು ಹೇಳಿದ ನಾತ್‌ಗಳು. ನನ್ನ ದೊಡ್ಡ ಖಾಲಾ ಹಾಡಿದ ಎರಡು ಚಕ್ಕಿನಾಮಾಗಳು. ಚಕ್ಕಿನಾಮಾ ಎಂದರೆ ಬೀಸುವ ಹಾಡು. ಬಿಜಾಪುರದ ಸೂಫಿಗಳ ಪರಂಪರೆಯಿಂದ ದಖನಿ ಹೆಂಗಸರ ಬಾಯಿಗೆ ಬಂದ ಈ ಹಾಡುಗಳಲ್ಲಿ ಬೀಸುಕಲ್ಲಿನ ಒಂದೊಂದು ಭಾಗಕ್ಕೂ ದೇವರ ಕಡೆ ತಿರುಗಿದ ಒಂದು ಅರ್ಥವಿರುತ್ತದೆ. ಮಿಕ್ಸಿ, ಗಿರಣಿಗಳು ಬಂದ ಮೇಲೆ ಕಲ್ಲೂ ಹೋಯಿತು, ಹಾಡೂ ಹೋಯಿತು.

ಅಬ್ಬಾ ತೀರಿಕೊಂಡ ಮೇಲೆ ಅವರ ತಗಡಿನ ಟ್ರಂಕಿನಲ್ಲಿದ್ದ ಕ್ಯಾಸೆಟ್ಟುಗಳನ್ನು ನಾನು ಕಂಪ್ಯೂಟರಿಗೆ ಇಳಿಸಿದೆ. ಇದರಲ್ಲಿ ಜಾಣತನವೇನೂ ಬೇಕಿಲ್ಲ, ತಾಳ್ಮೆ ಬೇಕು. ಟೇಪ್ ರೆಕಾರ್ಡರಿನಿಂದ ಒಂದು ತಂತಿಯನ್ನು ಕಂಪ್ಯೂಟರಿಗೆ ಜೋಡಿಸಿ, ಆಡಾಸಿಟಿ ಎಂಬ ಉಚಿತ ತಂತ್ರಾಂಶ ತೆರೆದು, ಕ್ಯಾಸೆಟ್ ಓಡಲು ಬಿಡಬೇಕು. ಒಂದು ಗಂಟೆಯ ಕ್ಯಾಸೆಟ್ಟಿಗೆ ಪೂರಾ ಒಂದು ಗಂಟೆ. ಬೇಗ ಮುಗಿಸುವ ದಾರಿಯಿಲ್ಲ. ಅಂಟಿಕೊಂಡ ಟೇಪನ್ನು ಪೆನ್ಸಿಲ್ ಹಾಕಿ ಸುತ್ತಬೇಕು. ಅಬ್ಬಾ ಕ್ಯಾಸೆಟ್ಟಿನ ಬೆನ್ನಿನ ಮೇಲೆ ಉರ್ದುವಿನಲ್ಲಿ ಬರೆದದ್ದನ್ನು ನಾನು ಉರ್ದುವಿನಲ್ಲೂ, ಕನ್ನಡದ ಹಾಡುಗಳನ್ನು ಕನ್ನಡದಲ್ಲೂ ಟೈಪ್ ಮಾಡಿ ಬೇರೆ ಬೇರೆ ಫೋಲ್ಡರುಗಳಲ್ಲಿ ಇಟ್ಟೆ.

ಇದನ್ನೆಲ್ಲ ಹೆಚ್ಚಾಗಿ ಕೇಳುತ್ತಿದ್ದವರು ಅಮ್ಮಿ. ಅವರಿಗೆ ಉರ್ದು ಓದಲು ಬರುತ್ತದೆ, ಕನ್ನಡ ಮಾತಾಡಲು ಬರುತ್ತದೆ, ಇಂಗ್ಲಿಷ್ ಇಲ್ಲ. ಎರಡೂ ಕಣ್ಣಿನ ಪೊರೆಯ ಆಪರೇಷನ್ ಆಗಿದೆ. ಕಂಪ್ಯೂಟರಿನ ಜೊತೆಗೇ ಬಂದಿದ್ದ ಒಂದು ಪ್ಲೇಯರಿನಲ್ಲಿ ಅಕ್ಷರ ದೊಡ್ಡದು ಮಾಡಿ, ಫೋಲ್ಡರುಗಳ ಪಟ್ಟಿ ಎದುರಿಗೇ ಕಾಣುವಂತೆ ಇಟ್ಟುಕೊಟ್ಟಿದ್ದೆ. ಮೇಲಿನಿಂದ ಮೂರನೆಯದು ಖಾಲಾ, ಐದನೆಯದು ಮೊಹರಂ, ಕೆಳಗೆ ಕೊನೆಯಲ್ಲಿ ಮೆಹದಿ ಹಸನ್. ಅಮ್ಮಿ ಓದುತ್ತಿದ್ದರೋ ಸಾಲು ಎಣಿಸುತ್ತಿದ್ದರೋ ನನಗೆ ತಿಳಿಯದು. ಅಸರ್ ನಮಾಜಿನ ನಂತರ ಒಂದು ಗಂಟೆ ಅವರದು.

ಕಳೆದ ವರ್ಷ ರಂಜಾನ್ ಮುಗಿದ ಕೆಲ ದಿನಗಳಿಗೆ ಆ ಪ್ಲೇಯರ್ ತನ್ನಷ್ಟಕ್ಕೆ ತಾನೇ ಹೊಸದಾಯಿತು. ರಾತ್ರಿ ಮಲಗಿದಾಗ ಒಂದು ಮುಖ, ಬೆಳಿಗ್ಗೆ ಎದ್ದಾಗ ಇನ್ನೊಂದು ಮುಖ. ಕೇಳಿದವರಾರು, ಒಪ್ಪಿದವರಾರು? ಫೋಲ್ಡರುಗಳ ಪಟ್ಟಿ ಕಾಣೆಯಾಗಿತ್ತು. ಅದರ ಜಾಗದಲ್ಲಿ ಚೌಕಚೌಕದ ಚಿತ್ರಗಳು. ಅಂಗಡಿಯ ಹಾಡುಗಳಿಗೆ ಅದು ಎಲ್ಲಿಂದಲೋ ಆಲ್ಬಮ್ಮಿನ ಮುಖಪುಟ ತಂದು ಅಂಟಿಸಿತ್ತು. ಮನೆಯ ಹಾಡುಗಳಿಗೆ ಮುಖಪುಟ ಎಲ್ಲಿಂದ ಬರಬೇಕು? ಅವಕ್ಕೆಲ್ಲ ಸೇರಿ ಒಂದೇ ಬೂದು ಬಣ್ಣದ ಚೌಕ, ನಡುವೆ ಒಂದು ಸಂಗೀತದ ಗುರುತು, ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು: ಅನ್‌ನೋನ್ ಆರ್ಟಿಸ್ಟ್, ಅನ್‌ನೋನ್ ಆಲ್ಬಮ್. ಅಪರಿಚಿತ ಕಲಾವಿದ, ಅಪರಿಚಿತ ಸಂಪುಟ. ಒಳಗೆ 412 ಹಾಡುಗಳು. ದೊಡ್ಡ ಖಾಲಾ, ಮೊಹರಂ ತಂಡ, ಶಾಲೆಯ ಮಕ್ಕಳು, ನಡುವೆ ಒಂದು ಕಡೆ ಕೆಮ್ಮಿ ತಾರೀಖು ಹೇಳುವ ಅಬ್ಬಾ, ಎಲ್ಲರೂ ಒಂದೇ ಗೋಣಿಚೀಲದಲ್ಲಿ.

ಅಮ್ಮಿ ದೂರು ಹೇಳಲಿಲ್ಲ. ಒಂದೆರಡು ದಿನ ಪರದೆಯ ಮುಂದೆ ಕೂತು ಎದ್ದುಹೋದರು. "ಹಾಡು ಹಾಕಲಾ ಅಮ್ಮಿ?" ಎಂದು ಕೇಳಿದರೆ "ನಕ್ಕೋ ಬೇಟಾ, ರಹನೇ ದೇ" ಎಂದರು. ಕೇಳಿ ಪಡೆಯುವುದು ಅವರಿಗೆ ಯಾವತ್ತೂ ಬಂದಿಲ್ಲ. ತಾವೇ ಹಾಕಿಕೊಂಡು ಕೇಳುವುದರಲ್ಲಿ ಇದ್ದ ಸುಖ ಹೋಗಿತ್ತು.

ಪ್ಲೇಯರಿನ ಮುಖ ಎಂದರೆ ಬರೀ ಬಣ್ಣ, ಅಲಂಕಾರ ಎಂದು ಹಲವರು ತಿಳಿಯುತ್ತಾರೆ. ಯಾವುದನ್ನು ಎದುರಿಗೆ ಇಡಬೇಕು, ಯಾವುದನ್ನು ಮರೆಗೆ ಸರಿಸಬೇಕು ಎಂದು ಅದು ತೀರ್ಮಾನ ಮಾಡಿಬಿಟ್ಟಿರುತ್ತದೆ. ಕಲಾವಿದ, ಆಲ್ಬಮ್, ಹಾಡು ಎಂಬ ಈ ಮೂರು ಮೆಟ್ಟಿಲು ಪಶ್ಚಿಮದ ಪಾಪ್ ಸಂಗೀತದ ವ್ಯಾಪಾರದಿಂದ ಹುಟ್ಟಿದ್ದು. ಅಲ್ಲಿ ಅದು ಸರಿಯಾಗಿಯೇ ಇದೆ. ನಮ್ಮಲ್ಲಿ ಸಿನಿಮಾ ಹಾಡನ್ನು ಹುಡುಕುವವನು ಮೊದಲು ಸಿನಿಮಾದ ಹೆಸರು ಹೇಳುತ್ತಾನೆ. ಮೊಹಮ್ಮದ್ ರಫಿ 1967ರ 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕೆ ಹಾಡಿದ ಕನ್ನಡ ಹಾಡನ್ನು ರಫಿಯವರ ಸಾವಿರಾರು ಹಿಂದಿ ಹಾಡುಗಳ ನಡುವೆ ಹುಡುಕುವವರು ಯಾರು? ಸಿನಿಮಾ ಹೆಸರು ಹೇಳಿದರೆ ಮುಗಿಯಿತು. ಗಜಲಿನಲ್ಲಿ ಕಲಾವಿದ ಯಾರು, ಬರೆದವರೋ ಹಾಡಿದವರೋ? ಬೇಗಂ ಅಖ್ತರ್ ಹಾಡಿದ್ದನ್ನೂ ಮೆಹದಿ ಹಸನ್ ಹಾಡಿದ್ದನ್ನೂ ಅಮ್ಮಿ ಒಂದೇ ಉಸಿರಿನಲ್ಲಿ "ಗಾಲಿಬ್‌ವಾಲಾ" ಎನ್ನುತ್ತಾರೆ.

ಅಬ್ಬಾ ಕ್ಯಾಸೆಟ್ ಜೋಡಿಸುತ್ತಿದ್ದ ಕ್ರಮವೇ ಬೇರೆ. ಒಂದು ಸಾಲಿನಲ್ಲಿ ಮೊದಲು ಅಬ್ದುಲ್ ಕರೀಂ ಖಾನ್, ಪಕ್ಕದಲ್ಲಿ ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವ, ಆಮೇಲೆ ಗಂಧರ್ವರ ಶಿಷ್ಯರಾದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಕಿರಾನಾ ಘರಾನೆ ಹುಬ್ಬಳ್ಳಿ ಸೀಮೆಗೆ ನಡೆದುಬಂದ ದಾರಿ ಆ ಒಂದು ಗೇಣಿನೊಳಗೆ ಕಾಣುತ್ತಿತ್ತು. 1937ರಲ್ಲಿ ತೀರಿಕೊಂಡ ಖಾನ್ ಸಾಹೇಬರ ಹಾಡುಗಳು ಹಳೆಯ 78 ಸುತ್ತಿನ ತಟ್ಟೆಗಳವು. ಒಂದೊಂದು ಬದಿಗೆ ಮೂರು ನಿಮಿಷದ ಆಸುಪಾಸು ಅಷ್ಟೇ. ಹೊಸ ಪ್ಲೇಯರ್ ಇವರನ್ನೆಲ್ಲ ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ನಿಲ್ಲಿಸಿತು. ಗುರು 'ಎ' ಅಕ್ಷರದ ಹತ್ತಿರ, ಶಿಷ್ಯ 'ಎಸ್' ಅಕ್ಷರದ ಹತ್ತಿರ. ನಡುವೆ ಯಾರ್‍ಯಾರೋ.

ಹಾಡಿನ ಕಡತದೊಳಗೆ ಹೆಸರು ಬರೆಯುವ ವ್ಯವಸ್ಥೆಯ ಚರಿತ್ರೆ ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. 1996ರಲ್ಲಿ ಎಂಪಿ3 ಕಡತಗಳಿಗೆ ಐಡಿ3 ಎಂಬ ಪುಟ್ಟ ಚೀಟಿ ಬಂತು. ಒಟ್ಟು 128 ಬೈಟ್. ಹಾಡಿನ ಹೆಸರಿಗೆ 30 ಅಕ್ಷರದ ಜಾಗ. ಹಾಡಿನ ಜಾತಿ ಯಾವುದೆಂದು ಹೇಳಲು 80 ಹೆಸರುಗಳ ಒಂದು ಪಟ್ಟಿ. ಆ ಪಟ್ಟಿಯಲ್ಲಿ ಪೋಲ್ಕಾ ಇದೆ, ಕ್ರಿಶ್ಚಿಯನ್ ರ್‍ಯಾಪ್ ಇದೆ. ಗಜಲ್ ಇಲ್ಲ, ಕವ್ವಾಲಿ ಇಲ್ಲ, ಹಿಂದುಸ್ತಾನಿ ಇಲ್ಲ, ಕರ್ನಾಟಕ ಸಂಗೀತವೂ ಇಲ್ಲ. ಇರುವುದರಲ್ಲಿ ನಮಗೆ ಒಗ್ಗುವುದು 'ಎಥ್ನಿಕ್' ಒಂದೇ. ತ್ಯಾಗರಾಜರೂ ಅಮೀರ್ ಖುಸ್ರೋವೂ ಕೂಡಿ ಕೂರಬೇಕಾದ ಬೆಂಚು ಅದು. ಕೋಮು ಸೌಹಾರ್ದಕ್ಕೆ ಒಳ್ಳೆಯದೇ, ಆದರೆ ಹಾಡು ಹುಡುಕುವುದಕ್ಕೆ ಅಲ್ಲ. ಆಮೇಲೆ ಬಂದ ಆವೃತ್ತಿಗಳಲ್ಲಿ ಬೇಕಾದ್ದನ್ನು, ಬೇಕಾದ ಲಿಪಿಯಲ್ಲಿ ಬರೆಯಲು ಅವಕಾಶವಾಯಿತು ಎನ್ನುವುದನ್ನೂ ಹೇಳಬೇಕು.

ಲಿಪಿಯ ಕಷ್ಟ ಇನ್ನೊಂದು. ನಾನು ಕಲಿತದ್ದು ಮೊದಲು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡದಲ್ಲಿ. ಹೊಸ ಪ್ಲೇಯರಿನ ಪರದೆಯಲ್ಲಿ ಈ ಎರಡೂ ಭಾಷೆಗಳಿಗೆ ಒಂದೇ ಬಗೆಯ ಗಾಯವಾಗಿರುವುದನ್ನು ಕಂಡೆ. ಉರ್ದುವಿನ ನಸ್ತಾಲೀಖ್ ಬರಹ ಬಲದಿಂದ ಎಡಕ್ಕೆ ಹೋಗುತ್ತ ಕೆಳಕ್ಕೂ ಜಾರುತ್ತದೆ. ಒಂದು ಪದ ಎತ್ತರದಲ್ಲಿ ಆರಂಭವಾಗಿ ಇಳಿಜಾರಿನಲ್ಲಿ ಮುಗಿಯುತ್ತದೆ. ಅದಕ್ಕೆ ಸಾಲಿನ ಎತ್ತರ ಬೇಕು. ಕನ್ನಡಕ್ಕೆ ಕೆಳಗೆ ಜಾಗ ಬೇಕು, ಒತ್ತಕ್ಷರ ಕೂರುವುದಕ್ಕೆ. ಇಂಗ್ಲಿಷ್ ಅಕ್ಷರದ ಅಳತೆಗೆ ಸಾಲು ಹೊಲಿದವರಿಗೆ ಇದು ಗೊತ್ತಿರುವುದಿಲ್ಲ. ಪರಿಣಾಮವಾಗಿ ಕನ್ನಡದ ಒತ್ತುಗಳ ಪಾದ ಕತ್ತರಿಸಿಹೋಗಿತ್ತು. ಉರ್ದು ಹೆಸರುಗಳು ನಸ್ತಾಲೀಖ್ ಬಿಟ್ಟು ನಸ್ಖ್ ಶೈಲಿಗೆ, ಎಂದರೆ ಅರಬಿ ಪುಸ್ತಕಗಳ ಸಪಾಟು ಅಕ್ಷರಕ್ಕೆ ತಿರುಗಿದ್ದವು. ಕುರ್‌ಆನ್ ಓದುವ ಅಮ್ಮಿಗೆ ನಸ್ಖ್ ಅಪರಿಚಿತವಲ್ಲ, ಆದರೆ ಉರ್ದು ಹಾಗಿರುವುದಿಲ್ಲ ಎಂದು ಅವರ ಕಣ್ಣು ಹೇಳುತ್ತದೆ. 1981ರಲ್ಲಿ ಪಾಕಿಸ್ತಾನದ 'ಜಂಗ್' ಪತ್ರಿಕೆ ನೂರಿ ನಸ್ತಾಲೀಖ್ ಅಕ್ಷರಗಳಲ್ಲಿ ಕಂಪ್ಯೂಟರಿನಿಂದ ಹೊರಬರುವ ತನಕ ಉರ್ದು ದಿನಪತ್ರಿಕೆಗಳನ್ನು ಕಾತಿಬರು ಕೈಯಲ್ಲೇ ಬರೆಯುತ್ತಿದ್ದರು. 1927ರಲ್ಲಿ ಆರಂಭವಾದ ಚೆನ್ನೈಯ 'ಮುಸಲ್ಮಾನ್' ಅದರ ನಂತರವೂ ದಶಕಗಳ ಕಾಲ ಕೈಬರಹದಲ್ಲೇ ಬಂತು. ಅಕ್ಷರದ ಆ ಇಳಿಜಾರಿಗಾಗಿ ಜನ ಅಷ್ಟು ಕಷ್ಟಪಟ್ಟಿದ್ದಾರೆ.

ಹೊಸ ಮುಖವನ್ನು ಒಲ್ಲೆ ಎಂದವರು ಹಿಂದೆಯೂ ಇದ್ದರು. ನನ್ನ ವಯಸ್ಸಿನವರಿಗೆ ವಿನ್ಆಂಪ್ ನೆನಪಿರಬೇಕು. 1997ರಲ್ಲಿ ಬಂದ ಆ ಪುಟ್ಟ ಪ್ಲೇಯರ್ ಇಲ್ಲದ ಸೈಬರ್ ಕೆಫೆ ನಾನು ನೋಡಲಿಲ್ಲ. ಅದರ ಮುಖವನ್ನು ಯಾರು ಬೇಕಾದರೂ ಬದಲಿಸಬಹುದಿತ್ತು. ಆ ಮುಖವಾಡವನ್ನು ಸ್ಕಿನ್ ಎನ್ನುತ್ತಿದ್ದರು. ಗುಂಡಿಗಳ, ಅಂಕಿಗಳ ಚಿತ್ರಗಳನ್ನು ಬರೆದು ಒಂದು ಜಿಪ್ ಕಡತದಲ್ಲಿ ಕಟ್ಟಿದರೆ ಮುಖವಾಡ ಸಿದ್ಧ. 2002ರಲ್ಲಿ ಅವರು ವಿನ್ಆಂಪ್ 3 ಎಂದು ಪೂರಾ ಹೊಸದಾಗಿ ಕಟ್ಟಿ ಕೊಟ್ಟರು. ಅದು ನಿಧಾನ, ಭಾರ, ಹಳೆಯ ಮುಖವಾಡಗಳು ಅದಕ್ಕೆ ಹೊಂದುತ್ತಿರಲಿಲ್ಲ. ಜನ ಎರಡನೆಯದನ್ನೇ ಹಿಡಿದು ಕೂತರು. 2003ರ ಡಿಸೆಂಬರಿನಲ್ಲಿ ಕಂಪನಿಯವರು ಎರಡನ್ನೂ ಮೂರನ್ನೂ ಕೂಡಿಸಿ ವಿನ್ಆಂಪ್ 5 ತಂದರು. ಹಳೆಯ ಮುಖವಾಡಗಳು ಮತ್ತೆ ಕೂತವು. ಜನರ ಮಾತಿಗೆ ಅಷ್ಟಾದರೂ ಬೆಲೆಯಿದ್ದ ಕಾಲ. ಈಗ ಅಂಥ ಮುಖವಾಡಗಳನ್ನು 60 ಸಾವಿರಕ್ಕೂ ಹೆಚ್ಚು ಕೂಡಿಹಾಕಿ ಒಂದು ಮ್ಯೂಸಿಯಂ ಮಾಡಿ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಒಂದು ಸಂಜೆ ಅದರಲ್ಲಿ ಅಡ್ಡಾಡಿ ಬಂದೆ. ಹೆಸರಿಲ್ಲದ ಹುಡುಗರು ಯಾರಿಗೂ ಕೇಳದೆ ಮಾಡಿದ ಕೆಲಸ.

ಹಳೆಯ ಆವೃತ್ತಿಗೆ ಹಿಂತಿರುಗಲು ನಮ್ಮ ಪ್ಲೇಯರ್ ಬಿಡಲಿಲ್ಲ. ಹೀಗಾಗಿ ನಾನು ಫೂಬಾರ್2000 ಎಂಬುದನ್ನು ತಂದುಹಾಕಿದೆ. ವಿನ್ಆಂಪ್ ಮಾಡಿದ ಸಂಸ್ಥೆಯಲ್ಲಿ ಹಿಂದೆ ಕೆಲಸ ಮಾಡಿದ್ದ ಪೀಟರ್ ಪಾವ್ಲೊವ್ಸ್ಕಿ ಎಂಬವರು 2002ರಿಂದ ಕಟ್ಟುತ್ತ ಬಂದ ಉಚಿತ ಪ್ಲೇಯರ್ ಇದು. ನೋಡಲು ಸಾಲದ ಲೆಕ್ಕದ ಪುಸ್ತಕದ ಹಾಗಿದೆ. ಮೆನುಗಳೆಲ್ಲ ಇಂಗ್ಲಿಷಿನಲ್ಲೇ. ಆದರೆ ಗೋಡೆಗಳನ್ನು ನಾವೇ ಎತ್ತಿ ಇಡಬಹುದು. ವಿನ್ಯಾಸ ತಿದ್ದುವ ಸ್ಥಿತಿಗೆ ತಿರುಗಿಸಿದರೆ ಪರದೆ ಖಾಲಿ ಕೋಣೆಯಂತೆ ತೆರೆದುಕೊಳ್ಳುತ್ತದೆ. ಪಟ್ಟಿ ಎಲ್ಲಿ, ಚಿತ್ರ ಎಲ್ಲಿ, ಗುಂಡಿಗಳೆಲ್ಲಿ ಎಂದು ಒಂದೊಂದನ್ನೂ ಎಲಿಯ ಬಲಗುಂಡಿ ಒತ್ತಿ ಕೂರಿಸಬೇಕು. ನಾನು ಚಿತ್ರವನ್ನು ಮೊದಲು ತೆಗೆದುಹಾಕಿದೆ. ಹಾಡಿಗೆ ಮುಖಪುಟ ಇದ್ದವರು, ಇಲ್ಲದವರು ಎಂಬ ಭೇದ ಅಲ್ಲಿಗೆ ಹೋಯಿತು.

ಆಮೇಲೆ ಸಾಲುಗಳು. ಉರ್ದು ಪಟ್ಟಿಯನ್ನು ಬಲಕ್ಕೆ ಅಂಟಿಸಿದೆ, ಕನ್ನಡದ್ದನ್ನು ಎಡಕ್ಕೆ. ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸಲು ಮೊದಲು ನೋಡಿದೆ. ಬಲದಿಂದ ಬರುವ ಭಾಷೆ, ಎಡದಿಂದ ಬರುವ ಭಾಷೆ ಒಂದೇ ಸಾಲಿನಲ್ಲಿ ಎದುರಾದರೆ ನಡುವಿನ ಅಂಕಿ, ಅಡ್ಡಗೆರೆ, ಆವರಣ ಚಿಹ್ನೆಗಳು ಯಾರ ಕಡೆಗೆ ಹೋಗಬೇಕೆಂದು ತಿಳಿಯದೆ ಜಿಗಿದಾಡುತ್ತವೆ. ಬೇರೆ ಬೇರೆ ಕೋಣೆ ಕೊಟ್ಟ ಮೇಲೆ ಇಬ್ಬರೂ ಸುಮ್ಮನಾದರು. ಜಮೀಲ್ ನೂರಿ ನಸ್ತಾಲೀಖ್ ಅಕ್ಷರಗಳನ್ನು ಹಾಕಿ, ಸಾಲು ಎತ್ತರವಾಗುವ ತನಕ ಅಕ್ಷರ ದೊಡ್ಡದು ಮಾಡುತ್ತ ಹೋದೆ. ಪರದೆಯಲ್ಲಿ ಎಂಟೇ ಹಾಡು ಕಾಣುವ ಹಾಗಾಯಿತು. ಅಮ್ಮಿಗೆ ಎಂಟು ಸಾಕು. ಹಾಡು ನಿಲ್ಲಿಸುವುದನ್ನು ಸ್ಪೇಸ್ ಬಾರ್‌ಗೆ ಕೊಟ್ಟು, ಅದರ ಮೇಲೆ ಕೆಂಪು ಟೇಪಿನ ತುಂಡು ಅಂಟಿಸಿದೆ.

ಈ ಪ್ಲೇಯರಿನಲ್ಲಿ ನಮಗೆ ಬೇಕಾದ ಹೊಸ ಅಂಕಣಗಳನ್ನೂ ಮಾಡಿಕೊಳ್ಳಬಹುದು. ಒಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಹೆಸರು ಕೊಟ್ಟು, ಎರಡು ಶೇಕಡಾ ಚಿಹ್ನೆಗಳ ನಡುವೆ ಅದನ್ನು ಬರೆದರೆ ಸಾಕು; ಹೊರಗೆ ತಲೆಬರಹ ಯಾವ ಭಾಷೆಯಲ್ಲಾದರೂ ಇರಲಿ. ಗಜಲಿಗೆ ಶಾಯರ್ ಎಂದು ಒಂದು, ಶಾಸ್ತ್ರೀಯ ಸಂಗೀತಕ್ಕೆ ರಾಗ, ಗುರು ಎಂದು ಎರಡು. ಅಬ್ಬಾನ ಸಾಲು ಮತ್ತೆ ಹಾಗೆಯೇ ನಿಂತಿತು.

ಹುಡುಕಾಟ ಮಾತ್ರ ಸತಾಯಿಸಿತು. ಕೆಲವು ಉರ್ದು ಹೆಸರುಗಳು ಕಣ್ಣಿಗೆ ಕಾಣುತ್ತಿದ್ದವು, ಹುಡುಕಿದರೆ ಸಿಗುತ್ತಿರಲಿಲ್ಲ. ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ಕಾರಣ ತಿಳಿಯಿತು. ಯೂನಿಕೋಡಿನಲ್ಲಿ ಅರಬಿಯ ಕಾಫ್ ಬೇರೆ, ಉರ್ದುವಿನ ಕಾಫ್ ಬೇರೆ. 'ಯೇ' ಅಕ್ಷರವೂ ಹಾಗೆಯೇ. ಪದದ ನಡುವೆ ಬಂದಾಗ ಕಣ್ಣಿಗೆ ವ್ಯತ್ಯಾಸವೇ ಕಾಣದು, ಯಂತ್ರಕ್ಕೆ ಅವು ಎರಡು ಬೇರೆ ಅಕ್ಷರಗಳು. ಸಂಬಂಧಿಕರ ಹುಡುಗನೊಬ್ಬ ದುಬೈಯಿಂದ ಕಳಿಸಿದ್ದ ಹಾಡುಗಳ ಹೆಸರು ಅರಬಿ ಕೀಲಿಮಣೆಯಲ್ಲಿ ಟೈಪಾಗಿದ್ದವು. ಕನ್ನಡದಲ್ಲೂ ಇದರ ಸೋದರ ಇದ್ದಾನೆ. ಹಿಂದೆ ನುಡಿ, ಬರಹ ಫಾಂಟುಗಳಲ್ಲಿ ಹೆಸರು ಬರೆದಿಟ್ಟವರಿಗೆ ಈಗ ಅದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಎಲ್ಲವನ್ನೂ ಕೈಯಿಂದ ತಿದ್ದಿದೆ.

ಈ ನಡುವೆ ಮನೆಗೆ ಬಂದ ಚಾಚಾ ಒಬ್ಬರು ಪರದೆ ನೋಡಿ, "ಇಷ್ಟು ಶ್ರಮ ಗಾನಾ ಬಜಾನಾಕ್ಕೆ ಬೇಕಿತ್ತೇ? ಇದೇ ಸಮಯ ತಿಲಾವತ್‌ಗೆ ಕೊಟ್ಟಿದ್ದರೆ..." ಎಂದರು. ಹಿರಿಯರು, ಮನಸ್ಸಿನಲ್ಲಿ ಕೆಡುಕಿಲ್ಲ. ಸಂಗೀತ ಸಲ್ಲುತ್ತದೆಯೇ ಇಲ್ಲವೇ ಎಂಬ ವಾದ ಸೂಫಿಗಳ ಸಮಾದಷ್ಟೇ ಹಳೆಯದು, ಅದನ್ನು ನಮ್ಮ ಹಾಲಿನಲ್ಲಿ ತೀರಿಸುವ ಉಮೇದು ನನಗಿರಲಿಲ್ಲ. ಖಾಲಾನ ಚಕ್ಕಿನಾಮಾ ಹಾಕಿದೆ. ಚಾಚಾ ಚಹಾ ಆರುವ ತನಕ ಕೂತು ಕೇಳಿದರು. "ನಮ್ಮ ಅಮ್ಮಾಜಾನ್ ಇದನ್ನೇ ಹೇಳುತ್ತಿದ್ದರು" ಎಂದಷ್ಟೇ ಹೇಳಿ ಎದ್ದರು.

ಕೊನೆಗೆ ಉಳಿದದ್ದು ಆ 412 ಹಾಡುಗಳ 'ಅಪರಿಚಿತ ಕಲಾವಿದ'. ಹಳೆಯ ಪ್ಲೇಯರಿನಲ್ಲಿ ಫೋಲ್ಡರಿನ ಹೆಸರು ನೋಡಿ ನಾವು ಗುರುತು ಹಿಡಿಯುತ್ತಿದ್ದೆವು, ಒಳಗೆ ಯಾರ ಹೆಸರನ್ನೂ ಬರೆದಿರಲಿಲ್ಲ. ಬರೆಯಬೇಕಾದ ಅಗತ್ಯ ಬಂದಿರಲಿಲ್ಲ. ಈಗ ಒಂದೊಂದು ಹಾಡಿಗೂ ಹೆಸರು ಬೇಕು. ಹೆಸರು ಗೊತ್ತಿರುವವರು ಮನೆಯಲ್ಲಿ ಒಬ್ಬರೇ, ಅವರಿಗೆ ಎಪ್ಪತ್ತೇಳು ವರ್ಷ.

ಅಸರ್ ನಂತರದ ಗಂಟೆ ಈಗ ಇಬ್ಬರದೂ ಆಯಿತು. ನಾನು ಹಾಡು ಹಾಕುವುದು, ಅಮ್ಮಿ ಹೇಳುವುದು, ನಾನು ಟೈಪ್ ಮಾಡುವುದು. ರಿವಾಯತ್ ತಂಡದವರ ಮುಖ್ಯ ದನಿ ಕುರುಬರ ಹಿರಿಯರೊಬ್ಬರದು ಎಂದು ಅಮ್ಮಿ ನೆನಪು ಮಾಡಿದರು. ಅವರ ಹೊಲಕ್ಕೆ ಹೋಗುವ ದಾರಿಯನ್ನೂ ವಿವರಿಸಿದರು. ಶಾಲೆಯ ಮಕ್ಕಳಲ್ಲಿ ಗಂಟಲು ಒಡೆದ ಹುಡುಗ ಯಾರ ಮಗ, ಈಗ ಎಲ್ಲಿದ್ದಾನೆ ಎಂಬುದೂ ಬಂತು. ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಮದುವೆಮನೆಯ ಹಾಡುಗಳನ್ನು ಯೂಟ್ಯೂಬಿಗೆ ಹಾಕೋಣ ಎಂದು ಮನೆಯ ಹುಡುಗರು ಹೇಳಿದಾಗ ಅಮ್ಮಿ ಬೇಡವೆಂದರು: "ಮನೆಯವರೇ ಇದ್ದೇವೆ ಅಂತ ಹಾಡಿದ್ದು ಅವು. ಅವರನ್ನು ಕೇಳಿ ಬಾ, ಆಮೇಲೆ ಹಾಕು." ಕೇಳಲು ಅವರಲ್ಲಿ ಹೆಚ್ಚಿನವರು ಉಳಿದಿಲ್ಲ.

ಮೆಹಂದಿ ರಾತ್ರಿಯ ಕ್ಯಾಸೆಟ್ಟಿಗೆ ಮೂರು ಸಂಜೆ ಹಿಡಿಯಿತು. ಹತ್ತು ಹನ್ನೆರಡು ಹೆಂಗಸರು ಒಟ್ಟಿಗೆ ಹಾಡುತ್ತಾರೆ, ನಗುತ್ತಾರೆ, ಬೀಗರನ್ನು ಬಯ್ಯುತ್ತಾರೆ, ಮಗು ಅಳುತ್ತದೆ. ಅಮ್ಮಿ ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ, ಒಂದೊಂದೇ ದನಿಯನ್ನು ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಿದರು. "ಮೊದಲು ಎತ್ತುವವರು ದೊಡ್ಡ ಆಪಾ. ಮೇಲಿನ ದನಿ ಬಳೆಗಾರರ ಸೊಸೆ. ತಪ್ಪು ಹಾಡಿ ನಗುತ್ತಿರುವುದು ನಿನ್ನ ಮುಮಾನಿ." ಢೋಲಕಿನ ಜೊತೆ ಟಣ್ ಟಣ್ ಎಂದು ಚಮಚದ ಸದ್ದು ಕೇಳುತ್ತಿತ್ತು. ಅದು ಯಾರೆಂದು ಕೇಳಿದೆ.

"ನಾನೇ" ಎಂದರು.

ಹಾಡಿದವರ ಅಂಕಣದಲ್ಲಿ ಹನ್ನೊಂದು ಹೆಸರಾದವು, ಅಮ್ಮಿಯದೂ ಸೇರಿ. ಇನ್ನೊಂದು ದನಿ ಉಳಿಯಿತು. ತೆಳ್ಳನೆಯ ದನಿ, ಪಲ್ಲವಿ ಮುಗಿದ ಮೇಲೂ ಅರೆಕ್ಷಣ ನಿಲ್ಲುತ್ತದೆ. ನಾಲ್ಕು ಸಲ ಹಾಕಿಸಿಕೊಂಡರು. ಅಮ್ಮಿಗೆ ತಿಳಿಯಲಿಲ್ಲ. ಬಿಜಾಪುರದಲ್ಲಿರುವ ಚಿಕ್ಕ ಖಾಲಾಗೆ ಫೋನಿನಲ್ಲಿ ಕೇಳಿಸಿದೆವು, ಅವರಿಗೂ ಗೊತ್ತಾಗಲಿಲ್ಲ. "ಜಾಗ ಬಿಡು, ನೆನಪಾದರೆ ಹೇಳುತ್ತೇನೆ" ಎಂದರು ಅಮ್ಮಿ. ಹನ್ನೊಂದನೆಯ ಹೆಸರಿನ ಮುಂದೆ ಒಂದು ಅಲ್ಪವಿರಾಮ ಹಾಕಿ ಕಡತವನ್ನು ಉಳಿಸಿದೆ.